ನೆರೆಹೊರೆಯನ್ನು ಮಾರಿದ ವಿಶ್ವವಿದ್ಯಾಲಯಗಳು

2023ರ ನವೆಂಬರ್ 25, ಶನಿವಾರ. ಸಿಯಾಟಲ್‌ನಲ್ಲಿ ಹೊತ್ತು ಇಳಿಯುತ್ತಿತ್ತು. ನಮ್ಮ ಹಾಸ್ಟೆಲಿನಲ್ಲಿ ಭಾನುವಾರದ ನಸುಕು. ವಾಷಿಂಗ್ಟನ್ ವಿಶ್ವವಿದ್ಯಾಲಯ ಮತ್ತು ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಗಳು 21-21ರಲ್ಲಿ ಸಮ ನಿಂತಿದ್ದವು. ಕಡೆಯ ಕ್ಷಣದಲ್ಲಿ ಗ್ರೇಡಿ ಗ್ರಾಸ್ ಎಂಬ ಹುಡುಗ 42 ಗಜ ದೂರದಿಂದ ಚೆಂಡನ್ನು ಒದ್ದು ಎರಡು ಕಂಬಗಳ ನಡುವೆ ಹಾಯಿಸಿದ. 24-21. ಅವನು ಸ್ಕಾಲರ್‌ಶಿಪ್ ಇಲ್ಲದೆ ತಂಡ ಸೇರಿದವನು. ಪಂದ್ಯ ಮುಗಿದ ಮೇಲೆ ಡ್ರೆಸ್ಸಿಂಗ್ ರೂಮಿನಲ್ಲಿ ಕೋಚ್ ಕೇಲನ್ ಡಿಬೋರ್ ಅವನಿಗೆ ಸ್ಕಾಲರ್‌ಶಿಪ್ ಕೊಟ್ಟಿರುವುದಾಗಿ ಘೋಷಿಸಿದರು. ಜೊತೆಯ ಹುಡುಗರೆಲ್ಲ ಅವನ ಮೇಲೆ ಬಿದ್ದು ಕುಣಿದರು. ಆ ವಿಡಿಯೋವನ್ನು ನಾನು ಹತ್ತು ಸಲವಾದರೂ ನೋಡಿದ್ದೇನೆ.

ಪಕ್ಕದ ಮಂಚದಿಂದ ಗೆಳೆಯನ ದನಿ ಬಂತು: “ಅಲ್ಲೆಲ್ಲೋ ಮಳೆ ಬಂದ್ರೆ ನೀನು ಇಲ್ಲಿ ಕೊಡೆ ಬಿಚ್ತೀಯಲ್ಲ, ಮಲ್ಕೋ.”

ಅವನ ಮಾತಿಗೆ ಉತ್ತರ ಕೊಡಲು ನನಗೆ ಇಷ್ಟು ದಿನ ಹಿಡಿಯಿತು. ಈ ಬರಹವೇ ಆ ಉತ್ತರ. ಆ ಎರಡು ವಿಶ್ವವಿದ್ಯಾಲಯಗಳು ಒಂದೇ ಕೂಟದ ಸದಸ್ಯರಾಗಿ ಆಡಿದ ಕೊನೆಯ ಪಂದ್ಯ ಅದು. ಕೂಟದ ಹೆಸರು ಪ್ಯಾಕ್-12. ವಯಸ್ಸು 108 ವರ್ಷ. ಆ ಸೀಸನ್ನಿನುದ್ದಕ್ಕೂ ಅಮೆರಿಕದ ಕ್ರೀಡಾಪುಟಗಳು ಪ್ಯಾಕ್-12ರ ‘ಸಾವಿನ’ ಬಗ್ಗೆ ಬರೆದವು. ನನ್ನ ಜಗಳ ಇರುವುದು ಆ ಪದದ ಜೊತೆ. ವಯಸ್ಸಾಗಿ ಸತ್ತಿತು ಎಂದುಬಿಟ್ಟರೆ ಯಾರು ಕೊಂದರು ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ಪ್ಯಾಕ್-12 ಸಾಯಲಿಲ್ಲ. ಅದನ್ನು ಮಾರಲಾಯಿತು. ಮಾರಿದವರು ಟಿವಿ ಕಂಪನಿಗಳೂ ಅಲ್ಲ, ಆಟಗಾರರೂ ಅಲ್ಲ. ವಿಶ್ವವಿದ್ಯಾಲಯಗಳನ್ನು ನಡೆಸುವ ವಿದ್ವಾಂಸರು.

ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳಿಗೆ ಕಾನ್ಫರೆನ್ಸ್ ಎಂದರೆ ಹತ್ತು ನಿಮಿಷ ಪೇಪರ್ ಓದಿ, ಊಟ ಮಾಡಿ, ಸರ್ಟಿಫಿಕೇಟ್ ತೆಗೆದುಕೊಂಡು ಬರುವ ಜಾಗ. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಕಾನ್ಫರೆನ್ಸ್ ಎಂದರೆ ಬೇರೆ. ಅಕ್ಕಪಕ್ಕದ ಊರುಗಳ ವಿಶ್ವವಿದ್ಯಾಲಯಗಳು ಸೇರಿ ಪ್ರತಿವರ್ಷ ತಮ್ಮತಮ್ಮೊಳಗೆ ಆಡಲು ಮಾಡಿಕೊಂಡ ಕೂಟ ಅದು. ಫುಟ್‌ಬಾಲ್ ಎಂದರೆ ಅಲ್ಲಿ ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ, ಹೆಲ್ಮೆಟ್ ತೊಟ್ಟು ಆಡುವ ಆಟ. ಆದರೆ ಕೂಟ ಫುಟ್‌ಬಾಲಿಗೆ ಮಾತ್ರ ಸೀಮಿತವಲ್ಲ. ವಾಲಿಬಾಲ್, ಈಜು, ಸಾಫ್ಟ್‌ಬಾಲ್, ಓಟ ಎಲ್ಲವೂ ಅದರೊಳಗೇ ಬರುತ್ತವೆ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಪ್ಯಾಕ್-12ರ ಬೇರು 1915ರ ಡಿಸೆಂಬರಿನಲ್ಲಿದೆ. ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡಿನ ಹೋಟೆಲೊಂದರಲ್ಲಿ ನಾಲ್ಕು ಸಂಸ್ಥೆಗಳು ಸೇರಿ ಪೆಸಿಫಿಕ್ ಕೋಸ್ಟ್ ಕಾನ್ಫರೆನ್ಸ್ ಕಟ್ಟಿದವು: ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಸಿಯಾಟಲ್‌ನ ವಾಷಿಂಗ್ಟನ್, ಯೂಜೀನ್‌ನ ಆರೆಗನ್, ಮತ್ತು ಕೊರ್ವಾಲಿಸ್‌ನ ಕೃಷಿ ಕಾಲೇಜು. ಆ ಕೃಷಿ ಕಾಲೇಜೇ ಇವತ್ತಿನ ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯ. ಪುಲ್ಮನ್ ಎಂಬ ಸಣ್ಣ ಊರಿನ, ಗೋಧಿ ಹೊಲಗಳ ನಡುವಿನ ವಾಷಿಂಗ್ಟನ್ ಸ್ಟೇಟ್ 1917ರಲ್ಲಿ ಬಂತು. ಮುಂದೆ ಸ್ಟ್ಯಾನ್‌ಫರ್ಡ್, ಲಾಸ್ ಏಂಜಲಿಸ್‌ನ ಯುಎಸ್‌ಸಿ ಮತ್ತು ಯುಸಿಎಲ್‌ಎ, ಅರಿಜೋನಾದ ಎರಡು ವಿಶ್ವವಿದ್ಯಾಲಯಗಳು, ಕಡೆಗೆ 2011ರಲ್ಲಿ ಕೊಲರಾಡೋ ಮತ್ತು ಯೂಟಾ ಸೇರಿ ಹನ್ನೆರಡಾಯಿತು. ಈ ಕೂಟದ ತಂಡಗಳು ಎಲ್ಲ ಆಟಗಳಲ್ಲಿ ಸೇರಿ 500ಕ್ಕೂ ಹೆಚ್ಚು ರಾಷ್ಟ್ರೀಯ ಪ್ರಶಸ್ತಿ ಗೆದ್ದಿವೆ. ಬೇರಾವ ಕೂಟವೂ ಅಷ್ಟು ಗೆದ್ದಿಲ್ಲ.

ಈ ಹೆಸರುಗಳು ನಮಗೆ ಅಪರಿಚಿತವೇ? ಬರ್ಕ್ಲಿ, ಸ್ಟ್ಯಾನ್‌ಫರ್ಡ್, ವಾಷಿಂಗ್ಟನ್. ನಾವು ಅಡಿಟಿಪ್ಪಣಿಗಳಲ್ಲಿ ಭಕ್ತಿಯಿಂದ ಬರೆಯುವ ಹೆಸರುಗಳಿವು. ಇವುಗಳ ಪ್ರಕಾಶನದ ಪುಸ್ತಕವೊಂದನ್ನು ಉಲ್ಲೇಖಿಸಿದರೆ ನಮ್ಮ ಪ್ರಬಂಧಕ್ಕೆ ತೂಕ ಬಂತೆಂದು ಭಾವಿಸುತ್ತೇವೆ. ಅರಿಜೋನಾ ಸ್ಟೇಟ್‌ಗೆ ಎಂಎಸ್ ಓದಲು ಹೋದ ಹುಡುಗ ಹುಡುಗಿಯರು ನಮ್ಮ ಪರಿಚಿತರ ಮನೆಗಳಲ್ಲಿದ್ದಾರೆ. ಅದೇ ಸಂಸ್ಥೆಗಳು ತಮ್ಮ ನೆರೆಯವರೊಡನೆ ಹೇಗೆ ನಡೆದುಕೊಂಡವು ಎಂಬುದು ನಮಗೆ ಸಂಬಂಧವಿಲ್ಲದ ವಿಷಯ ಹೇಗಾದೀತು?

ನಡೆದದ್ದಿಷ್ಟು. 2021ರ ಆಗಸ್ಟಿನಲ್ಲಿ ಪ್ಯಾಕ್-12, ಮಧ್ಯ-ಪಶ್ಚಿಮದ ಬಿಗ್ ಟೆನ್ ಮತ್ತು ಪೂರ್ವ ಕರಾವಳಿಯ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಸೇರಿ ‘ಮೈತ್ರಿ’ಯೊಂದನ್ನು ಘೋಷಿಸಿದವು. ಕರಾರುಪತ್ರ ಎಲ್ಲಿ ಎಂದು ಪತ್ರಕರ್ತರು ಕೇಳಿದರೆ, ಸಹಿ ಏಕೆ ಬೇಕು, ನಮ್ಮ ನಡುವೆ ನಂಬಿಕೆಯಿದೆ ಎಂಬ ಧಾಟಿಯ ಉತ್ತರ ಬಂತು. ಹತ್ತು ತಿಂಗಳು ಕಳೆಯಿತು. 2022ರ ಜೂನ್ 30ರಂದು ಯುಎಸ್‌ಸಿ ಮತ್ತು ಯುಸಿಎಲ್‌ಎಗಳನ್ನು ಅದೇ ಬಿಗ್ ಟೆನ್ ತನ್ನೊಳಗೆ ಸೇರಿಸಿಕೊಂಡಿತು. ಆ ಬೇಸಿಗೆಯಲ್ಲೇ ಬಿಗ್ ಟೆನ್ ಫಾಕ್ಸ್, ಸಿಬಿಎಸ್ ಮತ್ತು ಎನ್‌ಬಿಸಿ ಜೊತೆ ಏಳು ವರ್ಷಕ್ಕೆ 700 ಕೋಟಿ ಡಾಲರಿಗೂ ಮೀರಿದ ಒಪ್ಪಂದ ಮಾಡಿಕೊಂಡಿತು. ಲಾಸ್ ಏಂಜಲಿಸ್‌ನ ಟಿವಿ ವೀಕ್ಷಕರು ಆ ಮೊತ್ತದ ಭಾಗವಾಗಿದ್ದರು.

ಉಳಿದ ಹತ್ತು ವಿಶ್ವವಿದ್ಯಾಲಯಗಳ ಎದುರು ಹೊಸ ಒಪ್ಪಂದದ ಪ್ರಶ್ನೆ ಬಂತು. 2011ರಲ್ಲಿ ಮಾಡಿಕೊಂಡಿದ್ದ ಹನ್ನೆರಡು ವರ್ಷದ, ಸುಮಾರು 300 ಕೋಟಿ ಡಾಲರಿನ ಒಪ್ಪಂದ ಮುಗಿಯಲಿತ್ತು. ಇಎಸ್‌ಪಿಎನ್ ವರ್ಷಕ್ಕೆ ಪ್ರತಿ ವಿಶ್ವವಿದ್ಯಾಲಯಕ್ಕೆ ಸುಮಾರು 3 ಕೋಟಿ ಡಾಲರ್ ಕೊಡಲು ಮುಂದೆ ಬಂದಾಗ ಪ್ಯಾಕ್-12ರ ಪ್ರೆಸಿಡೆಂಟರು 5 ಕೋಟಿ ಕೇಳಿದರೆಂದು ವರದಿಯಾಯಿತು. ಪ್ರೆಸಿಡೆಂಟ್ ಎಂದರೆ ನಮ್ಮ ಕುಲಪತಿಗಳಂತೆ, ವಿಶ್ವವಿದ್ಯಾಲಯದ ಮುಖ್ಯಸ್ಥರು. ಇಎಸ್‌ಪಿಎನ್ ಎದ್ದು ಹೋಯಿತು. ಕಡೆಗೆ ಉಳಿದದ್ದು ಆ್ಯಪಲ್ ಕಂಪನಿಯ ಪ್ರಸ್ತಾವ ಮಾತ್ರ.

2023ರ ಜುಲೈ 27ರಂದು ಕೊಲರಾಡೋ ಬಿಗ್ ಟ್ವೆಲ್ವ್‌ಗೆ ಹೊರಟಿತು. ಆಗಸ್ಟ್ 4ರ ಬೆಳಿಗ್ಗೆ ಉಳಿದವರು ಸೇರಿ ಆ್ಯಪಲ್ ಒಪ್ಪಂದಕ್ಕೆ ಒಪ್ಪಿಗೆ ಕೊಡುತ್ತಾರೆ ಎಂಬ ನಿರೀಕ್ಷೆಯಿತ್ತು. ಆ ದಿನ ಕತ್ತಲಾಗುವುದರೊಳಗೆ ವಾಷಿಂಗ್ಟನ್ ಮತ್ತು ಆರೆಗನ್ ಬಿಗ್ ಟೆನ್‌ಗೆ, ಅರಿಜೋನಾ, ಅರಿಜೋನಾ ಸ್ಟೇಟ್ ಮತ್ತು ಯೂಟಾ ಬಿಗ್ ಟ್ವೆಲ್ವ್‌ಗೆ ಹೊರಟಿದ್ದವು. ಸೆಪ್ಟೆಂಬರ್ 1ರಂದು ಬರ್ಕ್ಲಿ ಮತ್ತು ಸ್ಟ್ಯಾನ್‌ಫರ್ಡ್ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಸೇರಿದವು. ಪೆಸಿಫಿಕ್ ಸಾಗರದ ದಡದಲ್ಲಿ ಕೂತ ಎರಡು ವಿಶ್ವವಿದ್ಯಾಲಯಗಳು ಅಟ್ಲಾಂಟಿಕ್ ಕರಾವಳಿಯ ಕೂಟಕ್ಕೆ! ಭೂಗೋಳ ಕಲಿಸುವ ಸಂಸ್ಥೆಗಳೇ ಮಾಡಿದ ಕೆಲಸ ಇದು. ಬರ್ಕ್ಲಿಯಿಂದ ಬೋಸ್ಟನ್‌ಗೆ ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ನಮ್ಮ ದೇಶದ ಉತ್ತರ ತುದಿಯಿಂದ ದಕ್ಷಿಣ ತುದಿಗೆ 3,214 ಕಿಲೋಮೀಟರ್ ಎಂದು ಶಾಲೆಯಲ್ಲಿ ಕಲಿತವರಿಗೆ ಹೋಲಿಕೆ ಬೇಕಾಗಲಾರದು.

ಹನ್ನೆರಡರಲ್ಲಿ ಹತ್ತು ಹೋದವು. ಉಳಿದವು ಎರಡು: 1915ರಲ್ಲಿ ಕೂಟ ಕಟ್ಟಿದ ನಾಲ್ವರಲ್ಲಿ ಒಂದಾದ ಆರೆಗನ್ ಸ್ಟೇಟ್, ಮತ್ತು ಪುಲ್ಮನ್‌ನ ವಾಷಿಂಗ್ಟನ್ ಸ್ಟೇಟ್. ಎರಡೂ ಸಣ್ಣ ಊರಿನವು. ಟಿವಿ ಕಂಪನಿಗಳ ಲೆಕ್ಕದಲ್ಲಿ ‘ಮಾರುಕಟ್ಟೆ’ ಇಲ್ಲದವು.

ಇಷ್ಟೆಲ್ಲ ಆದ ಮೇಲೆ ಸೀಸನ್ ಶುರುವಾಯಿತು. ಮನೆ ಹರಾಜಾದ ಮೇಲೆ ಅದೇ ಮನೆಯಲ್ಲಿ ನಡೆದ ಮದುವೆಯಂತಿತ್ತು ಅದು. ಆದರೆ ಎಂಥ ಮದುವೆ! ಸೆಪ್ಟೆಂಬರಿನಲ್ಲಿ ರಾಷ್ಟ್ರದ ಮೊದಲ 25 ತಂಡಗಳ ಪಟ್ಟಿಯಲ್ಲಿ ಎಂಟು ಪ್ಯಾಕ್-12ರವೇ. ಸೆಪ್ಟೆಂಬರ್ 23ರಂದು ಪುಲ್ಮನ್‌ನಲ್ಲಿ ಕೈಬಿಟ್ಟ ಇಬ್ಬರೇ ಎದುರುಬದುರಾದರು. ವಾಷಿಂಗ್ಟನ್ ಸ್ಟೇಟ್ 38-35ರಿಂದ ಗೆದ್ದಿತು. ಅಕ್ಟೋಬರ್ 14ರಂದು ಸಿಯಾಟಲ್‌ನಲ್ಲಿ ವಾಷಿಂಗ್ಟನ್ ಆರೆಗನ್ನನ್ನು 36-33ರಿಂದ ಸೋಲಿಸಿತು. ಡಿಸೆಂಬರ್ 1ರಂದು ಲಾಸ್ ವೆಗಾಸ್‌ನಲ್ಲಿ ನಡೆದ ಕೂಟದ ಫೈನಲ್‌ನಲ್ಲಿ ಅದೇ ಆರೆಗನ್ನನ್ನು ಮತ್ತೆ 34-31ರಿಂದ. ಎರಡೂ ಪಂದ್ಯಗಳ ಅಂತರ ಮೂರೇ ಅಂಕ. 13 ಪಂದ್ಯ ಆಡಿ ಹದಿಮೂರನ್ನೂ ಗೆದ್ದ ವಾಷಿಂಗ್ಟನ್ ರಾಷ್ಟ್ರೀಯ ಸೆಮಿಫೈನಲ್‌ನಲ್ಲಿ ಟೆಕ್ಸಸ್ ತಂಡವನ್ನು 37-31ರಿಂದ ಮಣಿಸಿ, 2024ರ ಜನವರಿ 8ರ ಫೈನಲ್‌ನಲ್ಲಿ ಮಿಶಿಗನ್‌ಗೆ 34-13ರಿಂದ ಸೋತಿತು. ಪ್ಯಾಕ್-12ರ ತಂಡವೊಂದು ರಾಷ್ಟ್ರೀಯ ಪ್ಲೇಆಫ್ ತಲುಪಿ ಏಳು ವರ್ಷಗಳಾಗಿದ್ದವು. ಗಂಟುಮೂಟೆ ಕಟ್ಟಿಕೊಂಡ ವರ್ಷವೇ ಅದು ತಲುಪಿತು.

ಗುಣಮಟ್ಟ ಇಲ್ಲದ್ದಕ್ಕೆ ಕೂಟ ಉಳಿಯಲಿಲ್ಲ ಎನ್ನುವವರಿಗೆ ಈ ಸೀಸನ್ನೇ ಉತ್ತರ. ಒಳ್ಳೆಯದು ಉಳಿಯುತ್ತದೆ, ಕೆಟ್ಟದ್ದು ಅಳಿಯುತ್ತದೆ, ಮಾರುಕಟ್ಟೆಯ ನ್ಯಾಯವೇ ಹಾಗೆ ಎಂದು ಸೆಮಿನಾರುಗಳಲ್ಲಿ ಉಪದೇಶಿಸುವವರನ್ನು ಕೇಳಿ ಕೇಳಿ ನನ್ನ ಕಿವಿ ದಣಿದಿದೆ. ಇಲ್ಲಿ ಒಳ್ಳೆಯದೇ ಅಳಿಯಿತು. ಅದರ ಒಂದು ಕೊರತೆ ಗಡಿಯಾರದ್ದು. ಪಶ್ಚಿಮ ಕರಾವಳಿಯಲ್ಲಿ ಸಂಜೆ ಏಳೂವರೆಗೆ ಶುರುವಾದ ಪಂದ್ಯ ನ್ಯೂಯಾರ್ಕಿನವರಿಗೆ ರಾತ್ರಿ ಹತ್ತೂವರೆ. ಅವರು ನಿದ್ದೆಗೆ ಹೋಗುವ ಹೊತ್ತು. ನಮಗೆ ಅದು ಭಾನುವಾರ ಬೆಳಗಿನ ಎಂಟು ಗಂಟೆ, ಮೆಸ್ಸಿನಲ್ಲಿ ಇಡ್ಲಿ ಬಡಿಸುವ ಹೊತ್ತು. ನಾನು ಈ ಕೂಟಕ್ಕೆ ಅಂಟಿಕೊಂಡದ್ದೂ ಹಾಗೆಯೇ. ಇನ್ನೊಂದು ಕೊರತೆ ಆಡಳಿತದ್ದು. 2012ರಲ್ಲಿ ಶುರು ಮಾಡಿದ ಸ್ವಂತ ಚಾನೆಲ್ಲನ್ನು ಡೈರೆಕ್ಟ್‌ಟಿವಿಯಂಥ ದೊಡ್ಡ ಸೇವೆಯ ಮೇಲೆ ತರಲು ಅದಕ್ಕೆ ಕೊನೆಗೂ ಆಗಲಿಲ್ಲ. ಆದರೆ ಮೈದಾನದ ಹುಡುಗರು ಈ ಎರಡರಲ್ಲಿ ಯಾವುದಕ್ಕೂ ಹೊಣೆಯಲ್ಲ.

ಎರಡನೆಯ ವಾದ ಇನ್ನೂ ಜನಪ್ರಿಯ: ಆಟಗಾರರಿಗೆ ದುಡ್ಡು ಬರತೊಡಗಿತು, ಆಗಲೇ ಎಲ್ಲ ಹಾಳಾಯಿತು. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು ಮತ್ತು ಚಿತ್ರವನ್ನು ಜಾಹೀರಾತಿಗೆ ಬಳಸಿ ಸಂಪಾದಿಸಬಹುದು. 2025ರ ಜೂನಿನ ನ್ಯಾಯಾಲಯದ ಒಪ್ಪಂದದ ನಂತರ ವಿಶ್ವವಿದ್ಯಾಲಯಗಳೇ ಮಿತಿಯೊಂದರೊಳಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಪ್ರತಿ ಸಂಸ್ಥೆಗೆ ಸುಮಾರು 2.05 ಕೋಟಿ ಡಾಲರ್. ‘ಹುಡುಗರು ದುರಾಸೆಗೆ ಬಿದ್ದರು’ ಎಂದು ಮೂಗು ಮುರಿಯುವವರು ಇದನ್ನೇ ತೋರಿಸುತ್ತಾರೆ. ತಾರೀಖು ನೋಡಿ ಮಾತಾಡೋಣ. ಕೂಟ ಒಡೆದದ್ದು 2022 ಮತ್ತು 2023ರಲ್ಲಿ. ಆಗ ಟಿವಿ ಹಣದ ಒಂದು ಡಾಲರನ್ನೂ ವಿಶ್ವವಿದ್ಯಾಲಯಗಳು ಆಟಗಾರರಿಗೆ ಸಂಬಳವಾಗಿ ಕೊಡುತ್ತಿರಲಿಲ್ಲ. ಕೂಟ ಬಿಡಬೇಕೋ ಬೇಡವೋ ಎಂಬ ಮತದಾನದಲ್ಲಿ ಒಬ್ಬ ಆಟಗಾರನಿಗೂ ಮತವಿರಲಿಲ್ಲ.

ದುಡ್ಡು ಅಲ್ಲಿಗೆ ಬಂದದ್ದು ಮೊನ್ನೆಮೊನ್ನೆಯೂ ಅಲ್ಲ. ಕಾಲೇಜು ಫುಟ್‌ಬಾಲಿನ ಟಿವಿ ಹಕ್ಕುಗಳನ್ನು ಬಹುಕಾಲ ಎನ್‌ಸಿಎಎ ಎಂಬ ರಾಷ್ಟ್ರೀಯ ಸಂಸ್ಥೆಯೇ ಹಂಚುತ್ತಿತ್ತು. ಒಕ್ಲಹೋಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಅದರ ವಿರುದ್ಧ ಮೊಕದ್ದಮೆ ಹೂಡಿದವು. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7-2ರಿಂದ ಅವುಗಳ ಪರ ತೀರ್ಪಿತ್ತು ಹಕ್ಕುಗಳನ್ನು ಬಿಡುಗಡೆ ಮಾಡಿತು. ಭಿನ್ನಮತದ ತೀರ್ಪು ಬರೆದವರು ಬೈರನ್ ವೈಟ್. ಹರೆಯದಲ್ಲಿ ಕೊಲರಾಡೋ ವಿಶ್ವವಿದ್ಯಾಲಯದ ಪರ ಆಡಿ ಹೆಸರು ಮಾಡಿದ್ದ ಆಟಗಾರ ಅವರು. ಕಾಲೇಜು ಕ್ರೀಡೆಯನ್ನು ಬರೀ ವ್ಯಾಪಾರವೆಂದು ಅಳೆಯುವುದು ತಪ್ಪು ಎಂಬುದು ಅವರ ವಾದದ ತಿರುಳು. ಪಂಚಾಯಿತಿಯ ಹುಲ್ಲುಗಾವಲಿಗೆ ಬೇಲಿ ಕಿತ್ತರೆ ಮೊದಲು ಮೇಯುವುದು ಬಲಿಷ್ಠರ ದನ. ಅದು ಅವರಿಗೆ ಆಗಲೇ ಕಂಡಿತ್ತು. 2023ರ ಬೇಸಿಗೆಯಲ್ಲಿ ಪ್ಯಾಕ್-12ರ ಗೋಡೆಯಿಂದ ಮೊದಲ ಇಟ್ಟಿಗೆ ಕಿತ್ತದ್ದು ಅದೇ ಬೈರನ್ ವೈಟ್ ಆಡಿದ ಕೊಲರಾಡೋ.

ಹಾಗಾದರೆ ಹಳೆಯದೇ ಚೆನ್ನಾಗಿತ್ತೇ? ಇಲ್ಲ. ಸಂಪ್ರದಾಯ ಮುರಿಯಿತೆಂದು ಕಣ್ಣೊರೆಸಿಕೊಳ್ಳುವವರ ಗುಂಪಿಗೂ ನಾನು ಸೇರಿದವನಲ್ಲ. ಆ ಸಂಪ್ರದಾಯದ ನಡುಗಂಬವೇ ಒಂದು ಸುಳ್ಳಾಗಿತ್ತು. 1950ರ ದಶಕದಲ್ಲಿ ಎನ್‌ಸಿಎಎ ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಪದವನ್ನು ಚಲಾವಣೆಗೆ ತಂದಿತು. ಕೊಲರಾಡೋದ ಫೋರ್ಟ್ ಲೂಯಿಸ್ ಕಾಲೇಜಿನ ಆಟಗಾರನೊಬ್ಬ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡಾಗ, ಅವನ ಹೆಂಡತಿ ಕಾರ್ಮಿಕರಿಗೆ ಸಿಗುವ ಪರಿಹಾರ ಕೇಳಿದಳು. 1957ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಕೊಡಲಾಗದು ಎಂದಿತು. ಕಾಲೇಜು ಫುಟ್‌ಬಾಲ್ ವ್ಯವಹಾರ ನಡೆಸುವ ಸಂಸ್ಥೆಯಲ್ಲ ಎಂಬುದು ಅದು ಕೊಟ್ಟ ಕಾರಣಗಳಲ್ಲೊಂದು. ಎನ್‌ಸಿಎಎಯನ್ನು ಮೂರೂವರೆ ದಶಕ ನಡೆಸಿದ ವಾಲ್ಟರ್ ಬೈಯರ್ಸ್ ನಿವೃತ್ತಿಯ ನಂತರ, 1995ರ ತಮ್ಮ ಪುಸ್ತಕದಲ್ಲಿ, ಆಟಗಾರರನ್ನು ಕಾನೂನು ನೌಕರರೆಂದು ಕರೆದುಬಿಟ್ಟೀತೆಂಬ ಹೆದರಿಕೆಯಲ್ಲಿ ಆ ಪದ ಹುಟ್ಟಿತೆಂದು ಒಪ್ಪಿಕೊಂಡರು.

ಎರಡು ಮಾತನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಬ್ಬ ವಿಧವೆ ಪರಿಹಾರ ಕೇಳಿ ಬಂದಾಗ ಕಾಲೇಜಿಗೆ ಫುಟ್‌ಬಾಲ್ ವ್ಯವಹಾರವಲ್ಲ. ಟಿವಿ ಕಂಪನಿ 700 ಕೋಟಿ ಹಿಡಿದು ಬಂದಾಗ ಅದು ವ್ಯವಹಾರ. ಆಟಗಾರರು ಪಾಲು ಕೇಳಿದರೆ ಅದು ಶಿಕ್ಷಣ. ನೆರೆಯವರನ್ನು ಬಿಟ್ಟು ಓಡುವಾಗ ಅದು ವಾಸ್ತವ. ಹೀಗೆ ಬೇಕೆಂದಾಗ ಬೇಕಾದ ವೇಷ ತೊಡುವುದನ್ನು ನಮ್ಮ ಹಳ್ಳಿಗಳಲ್ಲಿ ಹಗಲುವೇಷ ಎನ್ನುತ್ತಾರೆ. ವೇಷದವರಾದರೂ ಮನೆಮನೆಯ ಮುಂದೆ ನಿಂತು ಕಲೆ ತೋರಿಸಿ ಅಕ್ಕಿ ಕೇಳುತ್ತಾರೆ.

ಪ್ಯಾಕ್-12 ಕೂಡ ಹಾಲಿನಲ್ಲಿ ತೊಳೆದ ಮುತ್ತಾಗಿರಲಿಲ್ಲ. 2011ರಲ್ಲಿ ಅದು ಕೊಲರಾಡೋವನ್ನು ಪಡೆದದ್ದು ಬಿಗ್ ಟ್ವೆಲ್ವ್‌ನಿಂದಲೇ. ಕೈಬಿಡಲ್ಪಟ್ಟ ಆರೆಗನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಪುಲ್ಮನ್ ಇರುವ ವಿಟ್‌ಮನ್ ಕೌಂಟಿಯ ನ್ಯಾಯಾಲಯಕ್ಕೆ ಹೋಗಿ, ಕೂಟದ ಹೆಸರು, ಖಜಾನೆ ಮತ್ತು ಆಡಳಿತವನ್ನು ಉಳಿಸಿಕೊಂಡವು. ಆಮೇಲೆ ಅವು ಮಾಡಿದ್ದೇನು? 2024ರ ಸೆಪ್ಟೆಂಬರಿನಲ್ಲಿ ಮೌಂಟನ್ ವೆಸ್ಟ್ ಎಂಬ ತಮಗಿಂತ ಬಡ ಕೂಟದಿಂದ ಬೋಯಿಸಿ ಸ್ಟೇಟ್, ಫ್ರೆಸ್ನೋ ಸ್ಟೇಟ್ ಮುಂತಾದ ಐದು ವಿಶ್ವವಿದ್ಯಾಲಯಗಳನ್ನು ಎಳೆದುಕೊಂಡವು. ತಮ್ಮ ಮನೆಯ ತೊಲೆ ಕಿತ್ತುಕೊಂಡು ಹೋದರೆಂದು ಅತ್ತವರೇ ನೆರೆಮನೆಯ ತೊಲೆ ಕಿತ್ತರು. ಬದುಕುಳಿಯಬೇಕಲ್ಲ ಎನ್ನಬಹುದು. ಹತ್ತು ಜನ ಬಿಟ್ಟುಹೋದವರೂ ಹೇಳಿದ್ದು ಅದನ್ನೇ.

ಈಗ ಮೂರನೆಯ ವಾದ, ಎಲ್ಲಕ್ಕಿಂತ ಗಟ್ಟಿಯಾದದ್ದು: ಬೇರೆ ದಾರಿಯೇ ಇರಲಿಲ್ಲ. ಹಣ ಎಲ್ಲಿದೆಯೋ ಅಲ್ಲಿಗೆ ಹೋಗದೆ ಇದ್ದರೆ ಸಂಸ್ಥೆ ಹಿಂದೆ ಬೀಳುತ್ತದೆ, ಪ್ರೆಸಿಡೆಂಟ್ ಆದವನು ತನ್ನ ವಿಶ್ವವಿದ್ಯಾಲಯದ ಹಿತ ನೋಡಬೇಡವೇ? ಈ ವಾದ ಮಾಡುವವರನ್ನು ನಾನು ಒಮ್ಮೆ ಶಿಕಾಗೋಗೆ ಕರೆದುಕೊಂಡು ಹೋಗಬೇಕು.

ಯುಎಸ್‌ಸಿ, ಯುಸಿಎಲ್‌ಎಗಳನ್ನು ನುಂಗಿದ ಬಿಗ್ ಟೆನ್ ಇದೆಯಲ್ಲ, 1896ರಲ್ಲಿ ಅದನ್ನು ಕಟ್ಟಿದವರಲ್ಲಿ ಶಿಕಾಗೋ ವಿಶ್ವವಿದ್ಯಾಲಯವೂ ಒಂದು. ಅದರ ಫುಟ್‌ಬಾಲ್ ತಂಡ ಒಂದು ಕಾಲಕ್ಕೆ ದೇಶವನ್ನೇ ನಡುಗಿಸಿತ್ತು. ಕಾಲೇಜು ಫುಟ್‌ಬಾಲಿನ ಅತಿ ದೊಡ್ಡ ವೈಯಕ್ತಿಕ ಗೌರವವಾದ ಹೈಸ್‌ಮನ್ ಪ್ರಶಸ್ತಿಯನ್ನು ಮೊಟ್ಟಮೊದಲು, 1935ರಲ್ಲಿ, ಪಡೆದವನು ಶಿಕಾಗೋದ ಜೇ ಬರ್ವಾಂಗರ್. ನಾಲ್ಕೇ ವರ್ಷದಲ್ಲಿ ತಂಡ ಎಷ್ಟು ಕುಸಿಯಿತೆಂದರೆ ಮಿಶಿಗನ್ ವಿರುದ್ಧ 85-0ರಿಂದ ಸೋತಿತು. ವಿಶ್ವವಿದ್ಯಾಲಯದ ಮುಖ್ಯಸ್ಥ ರಾಬರ್ಟ್ ಮೇನಾರ್ಡ್ ಹಚಿನ್ಸ್ ಎದುರು ಎರಡು ದಾರಿಗಳಿದ್ದವು: ಓದಲು ಬಾರದಿದ್ದರೂ ಆಡಬಲ್ಲವರನ್ನು ತಂದು ತುಂಬುವುದು, ಅಥವಾ ಆಟವನ್ನೇ ನಿಲ್ಲಿಸುವುದು. 1939ರ ಡಿಸೆಂಬರಿನಲ್ಲಿ ಶಿಕಾಗೋ ಫುಟ್‌ಬಾಲ್ ನಿಲ್ಲಿಸಿತು. 1946ರಲ್ಲಿ ಬಿಗ್ ಟೆನ್ ಬಿಟ್ಟಿತು.

ಖಾಲಿಯಾದ ಸ್ಟ್ಯಾಗ್ ಫೀಲ್ಡ್ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗೆ 1942ರ ಡಿಸೆಂಬರ್ 2ರಂದು ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಣಿಕ್ರಿಯೆ ನಡೆಯಿತು. ಮುಂದೆ ಆ ಜಾಗದಲ್ಲಿ ರೀಗನ್‌ಸ್ಟೈನ್ ಗ್ರಂಥಾಲಯ ಎದ್ದಿತು, 1970ರಲ್ಲಿ ಬಾಗಿಲು ತೆರೆಯಿತು. ನಮ್ಮ ಎ.ಕೆ. ರಾಮಾನುಜನ್ ಮೂರು ದಶಕ ಪಾಠ ಹೇಳಿದ್ದು ಆ ಕ್ಯಾಂಪಸ್ಸಿನಲ್ಲೇ. ಕನ್ನಡದ ವಚನಗಳನ್ನು ಇಂಗ್ಲಿಷಿಗೆ ಒಯ್ದ ಕವಿಯ ವಿಶ್ವವಿದ್ಯಾಲಯದ ದೊಡ್ಡ ಗ್ರಂಥಾಲಯ ನಿಂತಿರುವುದು ಫುಟ್‌ಬಾಲ್ ಮೈದಾನದ ಮೇಲೆ. ರಾಮಾನುಜನ್ ಬಗ್ಗೆ ಪ್ರಬಂಧ ಮಂಡಿಸುವ ನಾವು ಶಿಕಾಗೋ ಎಂಬ ಹೆಸರನ್ನು ಸಾವಿರ ಸಲ ಉಚ್ಚರಿಸುತ್ತೇವೆ. ಆ ಸಂಸ್ಥೆ ಒಮ್ಮೆ ‘ಬೇಡ’ ಎಂದಿತ್ತು ಎಂಬುದು ಮಾತ್ರ ನಮ್ಮ ಕಿವಿಗೆ ಬೀಳುವುದಿಲ್ಲ.

ಶಿಕಾಗೋ ಶ್ರೀಮಂತ ಖಾಸಗಿ ಸಂಸ್ಥೆ, ಅದಕ್ಕೆ ಬೇಡ ಎನ್ನುವುದು ಸುಲಭ, ಒಪ್ಪುತ್ತೇನೆ. 1969ರಲ್ಲಿ ಅದು ಸ್ಕಾಲರ್‌ಶಿಪ್ ಇಲ್ಲದ ಸಣ್ಣ ಮಟ್ಟದಲ್ಲಿ ಫುಟ್‌ಬಾಲನ್ನು ಮತ್ತೆ ಶುರು ಮಾಡಿತೆಂಬುದೂ ನಿಜ. ಎಲ್ಲರೂ ಆಟ ನಿಲ್ಲಿಸಲಿ ಎಂಬುದು ನನ್ನ ವಾದವಲ್ಲ. ನಿಲ್ಲಿಸಿದ್ದರೆ ನಾನು ಭಾನುವಾರ ನಸುಕಿನಲ್ಲಿ ಎದ್ದು ಕೂರುತ್ತಿರಲಿಲ್ಲ. ಆದರೆ ಶಿಕಾಗೋದಷ್ಟೇ ಶ್ರೀಮಂತವಾದ, ಖಾಸಗಿಯಾದ ಸ್ಟ್ಯಾನ್‌ಫರ್ಡ್‌ಗೂ ದಾರಿಯಿರಲಿಲ್ಲವೇ? ಅಟ್ಲಾಂಟಿಕ್ ಕೂಟ ಸೇರಲು ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಮೊದಲ ಕೆಲವು ವರ್ಷ ಇತರರ ಪಾಲಿನ 30 ಪ್ರತಿಶತದಷ್ಟಕ್ಕೇ ಒಪ್ಪಿಕೊಂಡವು. ಹಣಕ್ಕಾಗಿ ಹೋದವರು ಎನ್ನಲೂ ಬಾರದ ಸ್ಥಿತಿ ಅದು. ಮೇಲಿನ ಪಂಕ್ತಿಯಲ್ಲಿ ಎಲೆ ಸಿಗಲಿ, ಬಡಿಸುವುದು ಎಷ್ಟಾದರೂ ಆಗಲಿ ಎಂದು ಹೋದವರು ಅವರು.

ನಡುವಿನ ದಾರಿಯೂ ಇತ್ತು. ಹಣ ಇರುವುದು ಮುಖ್ಯವಾಗಿ ಫುಟ್‌ಬಾಲಿನಲ್ಲಿ. ಹಾಗಿದ್ದರೆ ಫುಟ್‌ಬಾಲನ್ನು ಮಾತ್ರ ರಾಷ್ಟ್ರಮಟ್ಟದ ಬೇರೆ ವ್ಯವಸ್ಥೆಗೆ ಒಪ್ಪಿಸಿ, ಉಳಿದ ಆಟಗಳನ್ನು ನೆರೆಹೊರೆಯ ಕೂಟದಲ್ಲೇ ಇಟ್ಟುಕೊಳ್ಳಬಹುದಿತ್ತು. 2023ರ ಡಿಸೆಂಬರಿನಲ್ಲಿ ಯುಸಿಎಲ್‌ಎ ತಂಡದ ಕೋಚ್ ಚಿಪ್ ಕೆಲ್ಲಿಯೇ ಫುಟ್‌ಬಾಲನ್ನು ಬೇರೆ ಮಾಡಬೇಕೆಂದು ವಾದಿಸಿದರು. ಫುಟ್‌ಬಾಲ್ ತಂಡ ವಾರಕ್ಕೊಂದು ಪಂದ್ಯ ಆಡುತ್ತದೆ, ಹೆಚ್ಚಾಗಿ ಶನಿವಾರ. ವಾಲಿಬಾಲ್ ಮತ್ತು ಸಾಫ್ಟ್‌ಬಾಲ್ ಹುಡುಗಿಯರು ಒಂದೇ ವಾರದಲ್ಲಿ ಹಲವು ಪಂದ್ಯ ಆಡುತ್ತಾರೆ, ಅದೂ ತರಗತಿಗಳಿರುವ ದಿನ. ಲಾಸ್ ಏಂಜಲಿಸ್‌ನಿಂದ ನ್ಯೂಜೆರ್ಸಿಯ ರಟ್ಗರ್ಸ್‌ಗೆ ವಿಮಾನ ಹತ್ತಬೇಕಾದವರು ಅವರು. ಅವರ ಆಟದ ಟಿವಿ ಹಕ್ಕಿಗೆ ಯಾರೂ 700 ಕೋಟಿ ಕೊಟ್ಟಿರಲಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ವಿಮಾನ ನಿಲ್ದಾಣದ ಕುರ್ಚಿಯ ಮೇಲೆ ಪುಸ್ತಕ ಬಿಡಿಸಿ ಕೂರುವವರು ಸಹಿ ಹಾಕಿದ ಪ್ರೆಸಿಡೆಂಟರಲ್ಲ.

ಇನ್ನೊಂದು ತಮಾಷೆ ಕೇಳಿ. ಬರ್ಕ್ಲಿ ಮತ್ತು ಯುಸಿಎಲ್‌ಎ ಎರಡೂ ಒಂದೇ ಸರ್ಕಾರಿ ವಿಶ್ವವಿದ್ಯಾಲಯ ವ್ಯವಸ್ಥೆಯ ಕ್ಯಾಂಪಸ್ಸುಗಳು, ಒಂದೇ ಆಡಳಿತ ಮಂಡಳಿಯ ಕೆಳಗಿನವು. ತಮ್ಮ ಹೋದ ಮೇಲೆ ಅಣ್ಣ ಬಡವಾದನೆಂದು, ಯುಸಿಎಲ್‌ಎ ವರ್ಷಕ್ಕೆ 1 ಕೋಟಿ ಡಾಲರನ್ನು ಬರ್ಕ್ಲಿಗೆ ಕೊಡಬೇಕೆಂದು ಮಂಡಳಿ 2024ರಲ್ಲಿ ತೀರ್ಮಾನಿಸಿತು. ಮನೆ ಒಡೆಯಲು ಬಿಟ್ಟು ಆಮೇಲೆ ಜೀವನಾಂಶ ಗೊತ್ತುಮಾಡಿದ ಹಾಗೆ. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಹುಲ್ಲಿನ ಲೆಕ್ಕ ಬರೆದಿಟ್ಟರೆ ಬೆಳೆ ವಾಪಸ್ಸು ಬರುತ್ತದೆಯೇ?

ಕೊರ್ವಾಲಿಸ್‌ನಲ್ಲಿ ಆರೆಗನ್ ಸ್ಟೇಟ್ ಸುಮಾರು 16 ಕೋಟಿ ಡಾಲರ್ ಖರ್ಚು ಮಾಡಿ ತನ್ನ ರೀಸರ್ ಕ್ರೀಡಾಂಗಣವನ್ನು ಹೊಸದಾಗಿ ಕಟ್ಟಿ ಮುಗಿಸಿದ್ದು 2023ರಲ್ಲಿ. ಹೊಸ ಗ್ಯಾಲರಿಯ ಬಣ್ಣ ಆರುವ ಹೊತ್ತಿಗೆ ಅಲ್ಲಿಗೆ ಆಡಲು ಬರಬೇಕಾದ ನೆರೆಯವರು ಊರು ಬಿಟ್ಟಿದ್ದರು. ಕೊರ್ವಾಲಿಸ್‌ಗೂ ಯೂಜೀನ್‌ಗೂ ನಡುವೆ ಸುಮಾರು ಒಂದು ಗಂಟೆಯ ದಾರಿ. ಆ ಎರಡು ಊರುಗಳ ತಂಡಗಳು ಮೊದಲ ಸಲ ಎದುರಾದದ್ದು 1894ರಲ್ಲಿ. 2023ರ ನವೆಂಬರ್ 24ರಂದು ಆರೆಗನ್ 31-7ರಿಂದ ಗೆದ್ದಿತು. ಮರುದಿನವೇ ಆರೆಗನ್ ಸ್ಟೇಟ್‌ನ ಕೋಚ್ ಜೊನಾಥನ್ ಸ್ಮಿತ್ ಮಿಶಿಗನ್ ಸ್ಟೇಟ್‌ಗೆ ಹೋದರು. ಒಂದು ಕಾಲಕ್ಕೆ ಅದೇ ಆರೆಗನ್ ಸ್ಟೇಟ್‌ಗೆ ಆಡಿದ್ದವರು. ಗ್ರೇಡಿ ಗ್ರಾಸ್‌ಗೆ ಸ್ಕಾಲರ್‌ಶಿಪ್ ಕೊಟ್ಟು ಅಪ್ಪಿಕೊಂಡ ಕೇಲನ್ ಡಿಬೋರ್ ರಾಷ್ಟ್ರೀಯ ಫೈನಲ್ ಸೋತ ನಾಲ್ಕೇ ದಿನಕ್ಕೆ ಅಲಬಾಮಾಗೆ ಹೊರಟರು. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರ ಕಾಲೇಜಿನ ಫುಟ್‌ಬಾಲ್ ಅಥವಾ ಬಾಸ್ಕೆಟ್‌ಬಾಲ್ ಕೋಚ್. ಅವರು ಹೋದರೆ ಅದು ಬಡ್ತಿ. ಆಟಗಾರ ಹೋದರೆ ಮಾತ್ರ ದ್ರೋಹ ಎಂಬ ಕೂಗು ಏಳುತ್ತದೆ.

ಇದರಲ್ಲಿ ನಿನ್ನದೇನಿದೆ ಎಂದು ಗೆಳೆಯ ಮತ್ತೆ ಕೇಳಬಹುದು. ನಾನು ವಿಶ್ವವಿದ್ಯಾಲಯವೊಂದರ ಒಳಗೆ ಬದುಕುತ್ತಿರುವವನು, ಮುಂದೆಯೂ ಅಲ್ಲೇ ಕೆಲಸ ಸಿಗಲಿ ಎಂದು ಆಸೆಪಡುತ್ತಿರುವವನು. ವಿಶ್ವವಿದ್ಯಾಲಯ ತನ್ನನ್ನು ತಾನು ‘ಬ್ರ್ಯಾಂಡ್’ ಎಂದು ಕರೆದುಕೊಳ್ಳಲು ಶುರು ಮಾಡಿದ ದಿನ ಅದಕ್ಕೆ ಊರು ಮರೆತುಹೋಗುತ್ತದೆ. ಆ ಮರೆವು ಎಲ್ಲಿಗೆ ಮುಟ್ಟಿಸುತ್ತದೆ ಎಂಬುದನ್ನು ಪ್ಯಾಕ್-12ರ ಸೀಸನ್ ನನಗೆ ಅಂಕಪಟ್ಟಿಯ ಸಮೇತ ತೋರಿಸಿತು. ನೆರೆಯ ಕಾಲೇಜನ್ನು ಸೋಲಿಸಬೇಕೆಂಬ ಹಟದಲ್ಲಿ ಒಂದು ಸಲಿಗೆ ಇರುತ್ತದೆ. ಸೋತವನು ಮುಂದಿನ ವರ್ಷ ಮತ್ತೆ ಬರುತ್ತಾನೆಂಬ ಖಾತರಿಯಿಂದ ಬರುವ ಸಲಿಗೆ ಅದು. ವಾಷಿಂಗ್ಟನ್ನಿನ ಎರಡು ತಂಡಗಳು 1900ರಿಂದ ಆ ಖಾತರಿಯ ಮೇಲೆ ಜಗಳವಾಡಿಕೊಂಡು ಬಂದಿದ್ದವು. ಅದಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ ಎನ್ನುವುದು ಭಾವುಕತೆಯಲ್ಲ. ಯಾವ ಒಪ್ಪಂದದಲ್ಲೂ ಅದಕ್ಕೊಂದು ಕಾಲಂ ಇರಲಿಲ್ಲ, ಹಾಗಾಗಿ ಅದು ಪುಕ್ಕಟೆಯಾಗಿ ಹೋಯಿತು.

ಆ ಎರಡು ತಂಡಗಳು ಮತ್ತೆ ಎದುರಾದದ್ದು 2024ರ ಸೆಪ್ಟೆಂಬರ್ 14ರಂದು. ನವೆಂಬರಿನ ಚಳಿಯಲ್ಲಿ, ಸೀಸನ್ನಿನ ಕೊನೆಗೆ ನಡೆಯುತ್ತಿದ್ದ ಪಂದ್ಯ ಸೆಪ್ಟೆಂಬರಿಗೆ ಬಂದಿತ್ತು. ಕ್ಯಾಂಪಸ್ಸಿನಲ್ಲಿ ನಡೆಯುತ್ತಿದ್ದದ್ದು ಸಿಯಾಟಲ್‌ನ ವೃತ್ತಿಪರ ತಂಡದ ಕ್ರೀಡಾಂಗಣಕ್ಕೆ ಹೋಗಿತ್ತು. ಒಂದು ಕಡೆ ಹದಿನೆಂಟು ಸದಸ್ಯರಾದರೂ ಹೆಸರಲ್ಲಿ ಹತ್ತೇ ಇರುವ ಬಿಗ್ ಟೆನ್‌ನ ಹೊಸ ಸದಸ್ಯ. ಇನ್ನೊಂದು ಕಡೆ ಇಬ್ಬರೇ ಉಳಿದ ಕೂಟದ ಒಬ್ಬ. ಕೊನೆಯ ನಿಮಿಷಗಳಲ್ಲಿ ವಾಷಿಂಗ್ಟನ್ ಐದು ಅಂಕ ಹಿಂದಿತ್ತು, ಗೆರೆ ದಾಟಲು ಒಂದು ಗಜ ಬಾಕಿ, ಕೈಯಲ್ಲಿ ಒಂದೇ ಅವಕಾಶ. ಪುಲ್ಮನ್‌ನ ಹುಡುಗರು ಗೆರೆಯ ಮೇಲೆ ನಿಂತು ಅವರನ್ನು ತಡೆದರು. ವಾಷಿಂಗ್ಟನ್ ಸ್ಟೇಟ್ 24, ವಾಷಿಂಗ್ಟನ್ 19.

ನಾನು ಗೆಳೆಯನನ್ನು ಎಬ್ಬಿಸಿ ಸ್ಕೋರು ಹೇಳಿದೆ. “ಯಾರು, ಆ ಬಿಟ್ಟುಹೋದವರಾ ಗೆದ್ದಿದ್ದು?” ಎಂದ.

“ಅಲ್ಲ, ಉಳಿದವರು” ಎಂದೆ.